ವಿಂಡೋಸ್, ಲಿನಕ್ಸ್, ಮ್ಯಾಕ್: ಮನೆಗೆ ಯಾವುದು, ಕೆಲಸಕ್ಕೆ ಯಾವುದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಅದಾದ ಮೇಲೆ ಗೊತ್ತಿರುವವರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ. ವಿಂಡೋಸ್ 11 ಮಾತ್ರ ಹಾಕಕ್ಕಾಗಲ್ಲ ಅಂತ ತೋರಿಸ್ತಿದೆ. ಹೊಸದು ತಗೊಳ್ಳಲಾ, ಲಿನಕ್ಸ್ ಹಾಕಿಸಲಾ, ಇಲ್ಲ ಮ್ಯಾಕ್‌ಗೇ ಹೋಗಿಬಿಡಲಾ?" ಕೇಳುವವರಲ್ಲಿ ಲೆಕ್ಕ ಬರೆಯುವವರು, ಡಿಟಿಪಿ ಮಾಡುವವರು, ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದವರು, ರಿಟೈರ್ ಆದ ಮೇಷ್ಟ್ರು ಎಲ್ಲರೂ ಇದ್ದಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಏನೇನು ನೋಡಿ ತೀರ್ಮಾನ ಮಾಡಬೇಕು ಅನ್ನುವುದು ಎಲ್ಲರಿಗೂ ಒಂದೇ. ಅದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ನನ್ನ ಒಲವು ಯಾವ ಕಡೆ ಅನ್ನುವುದು ನಿಮಗೆ ಮೊದಲೇ ಗೊತ್ತಿರಲಿ. ಮನೆಯಲ್ಲಿ ನಾನು ಬಳಸುವುದು ಲಿನಕ್ಸ್ ಮಿಂಟ್, ಉಚಿತವಾಗಿ ಸಿಗುವ ಲಿನಕ್ಸ್‌ನ ಒಂದು ಬಗೆ. ಕೆಲಸದ ಜಾಗದಲ್ಲಿ ವಿಂಡೋಸ್. ಮನೆಯಲ್ಲಿ ಏನು ಬೇಕೋ ಅದನ್ನು ನಾನು ಆರಿಸುತ್ತೇನೆ. ಕೆಲಸದಲ್ಲಿ ಅದನ್ನು ಆರಿಸುವುದು ಅಲ್ಲಿನ ಸಾಫ್ಟ್‌ವೇರ್.

ಮೊದಲು ಒಂದು ಪಟ್ಟಿ

ಯಾವ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಚೆಂದ ಅಂತ ಯೋಚಿಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಒಂದು ವರ್ಷದಲ್ಲಿ ಕಂಪ್ಯೂಟರಿನಲ್ಲಿ ನೀವು ನಿಜವಾಗಿ ಮಾಡಿದ ಕೆಲಸಗಳನ್ನೆಲ್ಲ ಬರೆಯಿರಿ. ಅದಕ್ಕೆ ಚುಚ್ಚುವ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚಿನ ಯಂತ್ರ ಇವೂ ಪಟ್ಟಿಯಲ್ಲಿರಲಿ. ಈಗ ಬ್ರೌಸರ್ ಒಳಗೇ ಆಗುವ ಕೆಲಸಗಳಿಗೆ ಗೀಟು ಹಾಕಿ. ಬ್ಯಾಂಕು, ಜಿಮೇಲ್, ಯೂಟ್ಯೂಬ್, ಸೇವಾಸಿಂಧು ಅರ್ಜಿ, ವಾಟ್ಸಾಪ್ ವೆಬ್, ಗೂಗಲ್ ಡಾಕ್ಸ್ ಎಲ್ಲ ಹೋಗುತ್ತವೆ. ಇವು ಯಾವ ಓಎಸ್‌ನಲ್ಲೂ ನಡೆಯುತ್ತವೆ.

ಗೀಟು ಬೀಳದೆ ಉಳಿದದ್ದೇ ನಿಮ್ಮ ನಿಜವಾದ ಅಳತೆಗೋಲು. ಟ್ಯಾಲಿ ಉಳಿಯಿತಾ? ಪೇಜ್‌ಮೇಕರ್ ಉಳಿಯಿತಾ? ಆಟೋಕ್ಯಾಡ್? ಏನೂ ಉಳಿಯಲಿಲ್ಲವಾ? ಈ ಒಂದು ಪಟ್ಟಿಯಲ್ಲೇ ಅರ್ಧ ಜನರ ಗೊಂದಲ ಮುಗಿಯುತ್ತದೆ.

ಆಮೇಲೆ ನೋಡಬೇಕಾದದ್ದು ನಾಲ್ಕು ಸಂಗತಿ. ಯಂತ್ರ ಎಷ್ಟು ಹಳೆಯದು. ಕನ್ನಡದಲ್ಲಿ ನೀವು ಎಷ್ಟು, ಯಾವ ರೀತಿ ಟೈಪ್ ಮಾಡುತ್ತೀರಿ. ಕೆಟ್ಟು ನಿಂತರೆ ಯಾರು ಬಂದು ಸರಿಮಾಡುತ್ತಾರೆ. ಕೊಳ್ಳುವ ದಿನ ಎಷ್ಟು ದುಡ್ಡು, ಮುಂದಿನ ಐದಾರು ವರ್ಷದಲ್ಲಿ ಎಷ್ಟು. ನಿಮ್ಮ ಇಷ್ಟ, ಅಭ್ಯಾಸ, ಕಣ್ಣಿಗೆ ಹಿತವಾಗುವುದು ಇವೆಲ್ಲ ಕೊನೆಗೆ ಬರಲಿ. ಅವು ಮುಖ್ಯ ಅಲ್ಲ ಅಂತಲ್ಲ. ದಿನಕ್ಕೆ ಎಂಟು ಗಂಟೆ ನೋಡುವ ಪರದೆ ಮನಸ್ಸಿಗೆ ಒಗ್ಗಲೇಬೇಕು. ಆದರೆ ಟ್ಯಾಲಿ ಓಡದ ಚೆಂದದ ಪರದೆಯಿಂದ ಅಕೌಂಟೆಂಟ್‌ಗೆ ಏನು ಉಪಯೋಗ, ಅಲ್ವಾ?

ಕನ್ನಡ ಟೈಪಿಂಗ್‌ನಲ್ಲಿ ಯಾವುದು ಹೇಗೆ

ಓಎಸ್ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಹೋಲಿಕೆಗಳಲ್ಲಿ ಈ ವಿಷಯವೇ ಇರುವುದಿಲ್ಲ. ನಮಗೆ ಇದು ದೊಡ್ಡದು. ಹಾಗಾಗಿ ಮೊದಲೇ ಎತ್ತಿಕೊಂಡೆ.

ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಕನ್ನಡ ಓದುವುದರಲ್ಲಿ ಈಗ ಯಾವ ಓಎಸ್‌ನಲ್ಲೂ ತೊಂದರೆ ಇಲ್ಲ. ವಿಂಡೋಸ್‌ನಲ್ಲಿ ತುಂಗಾ ಮತ್ತು ನಿರ್ಮಲಾ ಅಕ್ಷರಶೈಲಿಗಳಿವೆ. ಮ್ಯಾಕ್‌ನಲ್ಲಿ ಕನ್ನಡ ಎಂಎನ್, ಕನ್ನಡ ಸಂಗಂ ಎಂಎನ್ ಇವೆ. ಲಿನಕ್ಸ್‌ನಲ್ಲಿ ಲೋಹಿತ್, ನೋಟೋ ಜೊತೆಗೆ ಗುಬ್ಬಿ, ನವಿಲು ಎಂಬ ಎರಡು ಫಾಂಟುಗಳು ಉಚಿತವಾಗಿ ಸಿಗುತ್ತವೆ. ನವಿಲು ನನಗೆ ಬಹಳ ಇಷ್ಟ. ಕೈಬರಹದ ಒಂದು ಬಾಗು ಅದರಲ್ಲಿದೆ.

ಟೈಪ್ ಮಾಡುವಾಗ ವ್ಯತ್ಯಾಸ ಶುರುವಾಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಬೆರಳಿಗೆ ಅಂಟಿರುವುದು ನುಡಿಯ ಕೀಲಿಮಣೆ, ಅಂದರೆ ಕಗಪ ವಿನ್ಯಾಸ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ' ಅಂತ ಬರುವುದು. ಎಫ್ ಒತ್ತಿದರೆ ಒತ್ತಕ್ಷರ. ವಿಂಡೋಸ್‌ನಲ್ಲಿ ಇದಕ್ಕೆ ನುಡಿ ತಂತ್ರಾಂಶ ಹಾಕಿಕೊಳ್ಳುತ್ತೇವೆ, ಬರಹವನ್ನು ಬಳಸುವವರೂ ಇದ್ದಾರೆ. ವಿಂಡೋಸ್ ಜೊತೆಗೇ ಬರುವುದು ಇನ್‌ಸ್ಕ್ರಿಪ್ಟ್, ಭಾರತೀಯ ಭಾಷೆಗಳಿಗೆಲ್ಲ ಒಂದೇ ಥರ ಇರುವ ಕೀಲಿಮಣೆ ವಿನ್ಯಾಸ. 2019ರ ಮೇ ತಿಂಗಳ ಅಪ್‌ಡೇಟ್‌ನಿಂದೀಚೆಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಪಡೆಯುವ ಫೊನೆಟಿಕ್ ಕೀಲಿಮಣೆಯೂ ಇದೆ.

ಲಿನಕ್ಸ್‌ನಲ್ಲಿ ಕಗಪ ಹೊರಗಿಂದ ತಂದು ಹಾಕಬೇಕಾಗಿಲ್ಲ. ಒಳಗೇ ಇದೆ. ಮಿಂಟ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ ತೆರೆದು, ಲೇಔಟ್ ವಿಭಾಗದಲ್ಲಿ ಪ್ಲಸ್ ಗುರುತು ಒತ್ತಿ, ಪಟ್ಟಿಯಲ್ಲಿ ಕನ್ನಡ ಕಗಪ ಫೊನೆಟಿಕ್ ಹುಡುಕಿ ಸೇರಿಸಿದರೆ ಆಯಿತು. ಇಂಟರ್ನೆಟ್ ಕೂಡ ಬೇಡ. ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ ಅಂತ ನಂಬಿಕೊಂಡವರಿಗೆ ನಾನು ಮೊದಲು ತೋರಿಸುವುದೇ ಇದನ್ನು. ಮ್ಯಾಕ್‌ನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕ್ವೆರ್ಟಿ ಎರಡು ಬಗೆಯ ಕನ್ನಡ ಕೀಲಿಮಣೆ ಕೊಡುತ್ತಾರೆ. ಕಗಪಕ್ಕೆ ಒಗ್ಗಿದ ಬೆರಳು ಅಲ್ಲಿ ಸ್ವಲ್ಪ ದಿನ ತಡವರಿಸುತ್ತದೆ.

ನಿಜವಾದ ತೊಡಕು ಹಳೆಯ ಫೈಲುಗಳದ್ದು. 2000ದ ದಶಕದಲ್ಲಿ ನುಡಿ, ಬರಹ, ಶ್ರೀಲಿಪಿಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತಗಳು ನಮ್ಮಲ್ಲಿ ರಾಶಿ ಇವೆ. ಆ ಫೈಲಿನ ಒಳಗೆ ಇರುವುದು ಕನ್ನಡ ಅಕ್ಷರವೇ ಅಲ್ಲ. ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ಆಕಾರ ಹೊದಿಸಿದ್ದಾರೆ ಅಷ್ಟೇ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಫಾಂಟ್ ಹಾಕಿದರೆ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಓದಬಹುದು. ಅದೇ ಹಳೆಯ ವಿಧಾನದಲ್ಲಿ ತಿದ್ದಿ ಮುಂದುವರಿಸಬೇಕು ಅಂದರೆ ವಿಂಡೋಸ್ ಬೇಕು. ಸಮಯ ಸಿಕ್ಕಾಗಲೆಲ್ಲ ಇವನ್ನು ಯೂನಿಕೋಡ್‌ಗೆ ಬದಲಾಯಿಸಿ ಇಟ್ಟುಕೊಳ್ಳಿ. ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ಇವತ್ತು ಓಎಸ್ ಬದಲಿಸದಿದ್ದರೂ ಈ ಕೆಲಸ ಮಾಡಿ. ಅಷ್ಟು ವರ್ಷ ಕೂತು ಟೈಪ್ ಮಾಡಿದ್ದು ಒಂದು ಫಾಂಟ್ ಫೈಲಿಗೆ ಜೋತುಬಿದ್ದಿರಬಾರದು.

ಬಾಯಲ್ಲಿ ಹೇಳಿ ಬರೆಸುವವರಿಗೆ ಚಿಂತೆ ಇಲ್ಲ. ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಕನ್ನಡ ತಿಳಿಯುತ್ತದೆ. ಕ್ರೋಮ್ ಬ್ರೌಸರ್ ಇದ್ದರೆ ಮೂರೂ ಓಎಸ್‌ನಲ್ಲಿ ಒಂದೇ ಥರ ನಡೆಯುತ್ತದೆ.

ವಿಂಡೋಸ್: ಬಿಡಲಾಗದ ಕೆಲಸಗಳ ಮನೆ

ಬೆಂಗಳೂರಿನಲ್ಲೇ ತಯಾರಾಗುವ ಟ್ಯಾಲಿಪ್ರೈಮ್ ಓಡುವುದು ವಿಂಡೋಸ್‌ನಲ್ಲಿ. ಕ್ಲೌಡ್ ಮೂಲಕ ಬೇರೆ ಕಡೆಯಿಂದ ಬಳಸಬಹುದು, ಅದಕ್ಕೆ ಬೇರೆ ಚಂದಾ ಕಟ್ಟಬೇಕು. ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಇನ್ನೂ ಉಸಿರಾಡುತ್ತಿರುವ ಪೇಜ್‌ಮೇಕರ್ 7 ಈಗ ಓಡುವುದು ವಿಂಡೋಸ್‌ನಲ್ಲೇ. ಗ್ರಾಮ ಒನ್, ಸಿಎಸ್‌ಸಿ ಕೇಂದ್ರಗಳ ಬೆರಳಚ್ಚಿನ ಯಂತ್ರಕ್ಕೆ ಡ್ರೈವರ್ ಮೊದಲು ಬರುವುದು ವಿಂಡೋಸ್‌ಗೆ. ಜಿಎಸ್‌ಟಿ, ಆದಾಯ ತೆರಿಗೆಗೆ ಬಳಸುವ ಡಿಜಿಟಲ್ ಸಹಿಯ ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಸಿಗುವುದುಂಟು. ಆದರೆ ರಿಟರ್ನ್ಸ್ ಕೊನೆಯ ದಿನ ಟೋಕನ್ ಹಿಡಿಯದಿದ್ದಾಗ ಫೋನ್ ಮಾಡಿದರೆ, ಆ ಕಡೆಯವರಿಗೆ ಗೊತ್ತಿರುವುದು ವಿಂಡೋಸ್ ಮಾತ್ರ. ಪಟ್ಟಿಯಲ್ಲಿ ಇವುಗಳಲ್ಲಿ ಒಂದಾದರೂ ಇದೆ, ಅದರಿಂದಲೇ ನಿಮ್ಮ ಸಂಪಾದನೆ ಅಂತಾದರೆ ಜಾಸ್ತಿ ಯೋಚಿಸಬೇಡಿ. ವಿಂಡೋಸ್‌ನಲ್ಲೇ ಇರಿ.

ಇನ್ನೊಂದು ದೊಡ್ಡ ಅನುಕೂಲ ರಿಪೇರಿಯದ್ದು. ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಅಂಗಡಿಯ ಹುಡುಗನಿಗೂ ವಿಂಡೋಸ್ ಕರತಲಾಮಲಕ. ಫೋನ್‌ನಲ್ಲೇ "ಸಾರ್, ಅಲ್ಲಿ ರೈಟ್ ಕ್ಲಿಕ್ ಮಾಡಿ" ಅಂತ ದಾರಿ ಹೇಳುತ್ತಾನೆ. ಇದಕ್ಕೆ ಬೆಲೆ ಕಟ್ಟಲಾಗದು.

ದೃಷ್ಟಿ ಇಲ್ಲದವರು ಮನೆಯಲ್ಲಿದ್ದರೂ ನನ್ನ ಮೊದಲ ಸಲಹೆ ವಿಂಡೋಸ್. ಪರದೆಯಲ್ಲಿದ್ದದ್ದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಅದರಲ್ಲಿ ಓಡುತ್ತದೆ. ಇಸ್ಪೀಕ್ ಧ್ವನಿಯ ಮೂಲಕ ಕನ್ನಡವನ್ನೂ ಓದುತ್ತದೆ. ಲಿನಕ್ಸ್‌ನಲ್ಲಿ ಓರ್ಕಾ ಇದೆ, ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಇದೆ. ಕಲಿಸುವವರು, ಜೊತೆಗೆ ಬಳಸುವವರು ಹೆಚ್ಚು ಸಿಗುವುದು ಎನ್‌ವಿಡಿಎಗೆ.

ಈಗ ಹಳೆಯ ಯಂತ್ರದ ಮಾತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಯಂತ್ರ ಶುರುವಾಗುವಾಗ ಕಳ್ಳ ತಂತ್ರಾಂಶ ನುಸುಳದಂತೆ ತಡೆಯುವ ಸೆಕ್ಯೂರ್ ಬೂಟ್, 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಬಹುಪಾಲು 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. 4 ಜಿಬಿ ಅನ್ನುವುದು ಕಾಗದದ ಮೇಲಿನ ಮಾತು. 8 ಜಿಬಿ ಇಲ್ಲದೆ ಅದು ತೆವಳುತ್ತದೆ. ನಿಮ್ಮ ಯಂತ್ರ ಸಾಲದು ಅಂತ ತೋರಿಸಿದರೆ ತಕ್ಷಣ ನಂಬಬೇಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಟಿಪಿಎಂ ಡಾಟ್ ಎಂಎಸ್‌ಸಿ (tpm.msc) ಅಂತ ಟೈಪ್ ಮಾಡಿ ನೋಡಿ. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇರುತ್ತದೆ, ಬಯಾಸ್‌ನಲ್ಲಿ (ಓಎಸ್‌ಗಿಂತ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್) ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಅದನ್ನು ಆನ್ ಮಾಡಿದರೆ ದಾರಿ ತೆರೆಯಬಹುದು.

ನಿಜಕ್ಕೂ ಸಾಲದಿದ್ದರೆ ವಿಂಡೋಸ್ 10ರಲ್ಲೇ ಇನ್ನಷ್ಟು ದಿನ ತಳ್ಳುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಕೊಟ್ಟಿದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. 22ಎಚ್2 ಆವೃತ್ತಿ ಇರಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಬೇಡ. ಅದು ಬೇಡವಾದರೆ 30 ಡಾಲರ್ ಕಟ್ಟಬಹುದು. ಇದು ತಾತ್ಕಾಲಿಕ ನೆರಳು ಅಷ್ಟೇ. ಆ ಹೊತ್ತಿನಲ್ಲಿ ಮುಂದಿನದು ಯೋಚಿಸಿ.

ಟಿಪಿಎಂ ಪರೀಕ್ಷೆ ತಪ್ಪಿಸಿ ಹಳೆಯ ಯಂತ್ರಕ್ಕೆ ವಿಂಡೋಸ್ 11 ತುರುಕುವ ಉಪಾಯಗಳೂ ಇವೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಮಕ್ಕಳು ಆಟ ಆಡುವ ಕಂಪ್ಯೂಟರಿಗೆ ಮಾಡಿ ನೋಡಬಹುದು. ಹಣದ ವ್ಯವಹಾರ ನಡೆಯುವ ಯಂತ್ರಕ್ಕೆ ಬೇಡ.

ಕ್ರ್ಯಾಕ್ ಮಾಡಿದ ವಿಂಡೋಸ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಬೇಡವೇ ಬೇಡ. ಆ್ಯಕ್ಟಿವೇಟ್ ಮಾಡುವ ಆ ಪುಟ್ಟ ಪ್ರೋಗ್ರಾಂ ಓಡಿಸಲು ಮೊದಲು ಆ್ಯಂಟಿವೈರಸ್ ಆಫ್ ಮಾಡಿಸುತ್ತಾರೆ. ಅಪರಿಚಿತ ಕೈಗೆ ಮನೆ ಬೀಗದ ಕೈ ಕೊಟ್ಟ ಹಾಗೆ ಅದು. ಅದೇ ಕಂಪ್ಯೂಟರಿನಲ್ಲಿ ನಾಳೆ ನೆಟ್‌ಬ್ಯಾಂಕಿಂಗ್ ಮಾಡುತ್ತೀರಿ. ಲೈಸೆನ್ಸಿಗೆ ದುಡ್ಡಿಲ್ಲದಿದ್ದರೆ ಮುಂದಿನ ಭಾಗ ನಿಮಗಾಗಿಯೇ.

ಲಿನಕ್ಸ್: ಹಳೆಯ ಯಂತ್ರಕ್ಕೆ ಹೊಸ ಆಯುಷ್ಯ

ಲಿನಕ್ಸ್ ಅಂದರೆ ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡುವುದು ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಕಲಿಯುತ್ತಿರುವುದು ಉಬುಂಟು ಎಂಬ ಬಗೆಯನ್ನು ಆಧರಿಸಿದ ಲಿನಕ್ಸ್‌ನಲ್ಲೇ. ಆ ಮಕ್ಕಳಿಗೆ ಆಗುವುದು ನಮಗೂ ಆಗುತ್ತದೆ.

ಲಿನಕ್ಸ್‌ನಲ್ಲಿ ನೂರಾರು ಬಗೆ ಇವೆ. ಅವನ್ನೆಲ್ಲ ಹೋಲಿಸುತ್ತ ಕೂತರೆ ತಿಂಗಳು ಕಳೆಯುತ್ತದೆ, ಯಂತ್ರ ಮಾತ್ರ ಹಾಗೇ ಇರುತ್ತದೆ. ವಿಂಡೋಸ್‌ನಿಂದ ಬರುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್, ಸಿನಮನ್ ಆವೃತ್ತಿ. ಎಡಗಡೆ ಕೆಳಗೆ ಮೆನು, ಕೆಳಗೆ ಪಟ್ಟಿ, ಬಲಗಡೆ ಗಡಿಯಾರ. ಕಣ್ಣಿಗೆ ಎಲ್ಲ ಪರಿಚಿತ. ರ್‍ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಅದರದೇ ಎಕ್ಸ್ಎಫ್‌ಸಿಇ ಆವೃತ್ತಿ ಹಗುರ. 2024ರ ಜುಲೈನಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲ ಇದೆ. ಉಬುಂಟು ನೋಟದಲ್ಲಿ ಬೇರೆ. ಮೊದಲ ವಾರ ಕೈ ತಡಕಾಡುತ್ತದೆ. ಆದರೆ ಪ್ರೋಗ್ರಾಮಿಂಗ್ ಕಲಿಯುವವರಿಗೆ ಉಬುಂಟು ಒಳ್ಳೆಯದು, ಏಕೆಂದರೆ ಕಾಲೇಜಿನ ಲ್ಯಾಬ್, ಕಂಪನಿಯ ಸರ್ವರ್, ಅಂತರ್ಜಾಲದ ಪಾಠಗಳು ಬಹುಪಾಲು ಅದನ್ನೇ ಇಟ್ಟುಕೊಂಡು ಮಾತಾಡುತ್ತವೆ.

ಲಿನಕ್ಸ್‌ನ ದೊಡ್ಡ ಗುಣ ಏನೆಂದರೆ ಹಾಕುವ ಮೊದಲೇ ಅದನ್ನು ಪರೀಕ್ಷಿಸಬಹುದು. 8 ಜಿಬಿಯ ಪೆನ್‌ಡ್ರೈವ್ ತೆಗೆದುಕೊಳ್ಳಿ. ಮಿಂಟ್‌ನ ಐಎಸ್‌ಒ ಫೈಲ್ (ಇಡೀ ಓಎಸ್ ತುಂಬಿಟ್ಟ ಒಂದೇ ಫೈಲ್) ಇಳಿಸಿ, ರೂಫಸ್ ಎಂಬ ಪ್ರೋಗ್ರಾಂನಿಂದ ಅದಕ್ಕೆ ಬರೆಯಿರಿ. ಆ ಪೆನ್‌ಡ್ರೈವ್‌ನಿಂದ ಯಂತ್ರ ಶುರು ಮಾಡಿ. ಒಳಗಿನ ಹಾರ್ಡ್‌ಡಿಸ್ಕ್ ಮುಟ್ಟದೆ ಪೂರ್ತಿ ಓಎಸ್ ತೆರೆದುಕೊಳ್ಳುತ್ತದೆ. ಈಗ ನಿಧಾನವಾಗಿ ನೋಡಿ. ವೈಫೈ ಹಿಡಿಯಿತಾ? ಯೂಟ್ಯೂಬ್ ಹಾಕಿದರೆ ಸೌಂಡ್ ಬಂತಾ? ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದರೆ ಎಚ್ಚರವಾಯಿತಾ? ಪ್ರಿಂಟರ್ ಚುಚ್ಚಿ ಒಂದು ಹಾಳೆ ತೆಗೆಯಿರಿ. ಕಗಪ ಸೇರಿಸಿ ನಿಮ್ಮ ಹೆಸರು ಟೈಪ್ ಮಾಡಿ. ಬೆರಳಚ್ಚಿಟ್ಟು ಒಳಹೋಗುವ ಸೌಲಭ್ಯ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಕೆಲಸ ಮಾಡುವುದಿಲ್ಲ, ಅದಕ್ಕೆ ಸಿದ್ಧರಾಗಿರಿ. ಉಳಿದದ್ದೆಲ್ಲ ಸರಿಬಂದರೆ ಮಾತ್ರ ಇನ್‌ಸ್ಟಾಲ್ ಒತ್ತಿ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಅನಿಸುವುದು ಸಹಜ. ಒಳಗೆ ಹಾಕಿದ ಮೇಲೆ ಚುರುಕಾಗುತ್ತದೆ.

ಪ್ರಿಂಟರ್ ಮಾತಿಗೆ ಬಂದರೆ, ಎಚ್‌ಪಿ ಪ್ರಿಂಟರ್‌ಗಳಿಗೆ ಲಿನಕ್ಸ್‌ನಲ್ಲಿ ಒಳ್ಳೆಯ ಡ್ರೈವರ್ ಇದೆ. ವೈಫೈ ಇರುವ ಹೊಸ ಪ್ರಿಂಟರ್‌ಗಳು ಬಹುಮಟ್ಟಿಗೆ ಡ್ರೈವರ್ ಇಲ್ಲದೆಯೇ ಹಿಡಿಯುತ್ತವೆ. ನಮ್ಮ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಕಷ್ಟ. ಅದರ ಲಿನಕ್ಸ್ ಡ್ರೈವರ್ ಬಹಳ ಹಳೆಯದು. ಆ ಪ್ರಿಂಟರ್ ಇದ್ದವರು ಓಎಸ್ ಬದಲಿಸುವ ಖರ್ಚಿನಲ್ಲಿ ಹೊಸ ಪ್ರಿಂಟರನ್ನೂ ಸೇರಿಸಿ ಲೆಕ್ಕ ಹಾಕಿ.

ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್ ಜೊತೆಗೇ ಬರುತ್ತದೆ. ಅದರ ಮೆನುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಪತ್ರ, ಲೆಕ್ಕದ ಹಾಳೆ, ಪಿಡಿಎಫ್‌ಗೆ ಏನೂ ಕಮ್ಮಿ ಇಲ್ಲ. ಆದರೆ ನೀವು ಕಳಿಸಿದ ವರ್ಡ್ ಫೈಲು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಒಂದೆರಡು ಸಾಲು ಆಚೀಚೆ ಆಗಬಹುದು. ಮ್ಯಾಕ್ರೋ (ಫೈಲಿನೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಂ) ಇರುವ ಎಕ್ಸೆಲ್ ಫೈಲು ಮುರಿಯಬಹುದು. ದಿನವೂ ಅಂಥ ಫೈಲು ಹತ್ತು ಕೈ ದಾಟುವ ಕಚೇರಿಯಲ್ಲಿ ಲಿನಕ್ಸ್ ತಲೆನೋವು ತರುತ್ತದೆ. ಫೋಟೋಶಾಪ್, ಕೋರಲ್‌ಡ್ರಾ ಲಿನಕ್ಸ್‌ಗೆ ಬರುವುದಿಲ್ಲ. ಆಟಗಳು 2018ರಲ್ಲಿ ಸ್ಟೀಮ್‌ನವರು ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂದ ಮೇಲೆ ಬಹಳ ಸುಧಾರಿಸಿವೆ, ಆದರೂ ವ್ಯಾಲರಂಟ್ ಥರದವು ನಡೆಯುವುದಿಲ್ಲ. ಮನೆಯಲ್ಲಿ ಅದನ್ನೇ ಆಡುವ ಮಗ ಇದ್ದರೆ ಮೊದಲು ಅವನನ್ನು ಕೇಳಿ.

ರಿಪೇರಿ ಲಿನಕ್ಸ್‌ನ ದುರ್ಬಲ ಕಡೆ. ಮಿಂಟ್ ಹಾಕಿದ ಯಂತ್ರವನ್ನು ಅಂಗಡಿಗೆ ಕೊಂಡೊಯ್ದರೆ ಬಹುತೇಕ ಕಡೆ ಸಿಗುವ ಸಲಹೆ "ವಿಂಡೋಸ್ ಹಾಕ್ಬಿಡ್ಲಾ ಸಾರ್?" ಎಂಬುದೇ. ಹಾಗಾಗಿ ಮನೆಯಲ್ಲಿ ಅಥವಾ ಬಳಗದಲ್ಲಿ ಒಬ್ಬರಾದರೂ ತಿಳಿದವರಿರಬೇಕು. ಇಂಥವರು ಒಬ್ಬರಿದ್ದರೆ ಉಳಿದವರಿಗೆ ಏನೂ ತಿಳಿಯದಿದ್ದರೂ ನಡೆಯುತ್ತದೆ. ವಯಸ್ಸಾದ ಅಪ್ಪ ಅಮ್ಮನಿಗೆ ನಾನು ಮಿಂಟ್ ಶಿಫಾರಸು ಮಾಡುವುದು ಇದೇ ಕಾರಣಕ್ಕೆ. ಮಗನೋ ಮಗಳೋ ಒಮ್ಮೆ ಸರಿಯಾಗಿ ಹಾಕಿಕೊಟ್ಟರೆ ಸಾಕು. ಅವರು ಬಳಸುವುದು ಬ್ರೌಸರ್, ಫೋಟೋ, ವಿಡಿಯೋ ಕಾಲ್. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಹೆದರಿಸಿ, ಅವರ ಕೈಯಲ್ಲೇ ವಿಂಡೋಸ್ ಪ್ರೋಗ್ರಾಂ ಹಾಕಿಸುವ ಮೋಸ ಅಲ್ಲಿ ಸುಲಭಕ್ಕೆ ನಡೆಯುವುದಿಲ್ಲ. ಫೋನಿನಲ್ಲಿ ಓಟಿಪಿ ಕೇಳುವ ಮೋಸವನ್ನು ಮಾತ್ರ ಯಾವ ಓಎಸ್ಸೂ ತಡೆಯದು. ಅದನ್ನು ಅವರಿಗೆ ಕೂರಿಸಿ ಹೇಳಲೇಬೇಕು.

ಮ್ಯಾಕ್: ದುಬಾರಿ, ಆದರೆ ಲೆಕ್ಕ ಹಾಕಿ ನೋಡಿ

2020ರ ನವೆಂಬರ್‌ನಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ ತಂದ ಮೇಲೆ ಮ್ಯಾಕ್‌ಬುಕ್ ಏರ್ ಬೇರೆಯದೇ ವಸ್ತುವಾಯಿತು. ಫ್ಯಾನ್ ಇಲ್ಲ, ಸದ್ದಿಲ್ಲ, ಬಿಸಿ ಕಡಿಮೆ, ಬ್ಯಾಟರಿ ಇಡೀ ದಿನ ಬರುತ್ತದೆ. ಕರೆಂಟ್ ಹೋಗಿಬರುವ ಊರಲ್ಲಿ ಕೂತು ಬರೆಯುವವರಿಗೆ, ವಿಡಿಯೋ ಎಡಿಟ್ ಮಾಡುವವರಿಗೆ ಇದು ಸಣ್ಣ ಸುಖವಲ್ಲ. ಐಫೋನ್ ಆ್ಯಪ್ ತಯಾರಿಸುವವರಿಗಂತೂ ಬೇರೆ ದಾರಿಯೇ ಇಲ್ಲ, ಎಕ್ಸ್‌ಕೋಡ್ ಓಡುವುದು ಮ್ಯಾಕ್‌ನಲ್ಲಿ ಮಾತ್ರ.

ಬೆಲೆ ನೋಡಿ. 2025ರ ಮಾರ್ಚ್‌ನಲ್ಲಿ ಎಂ4 ಮ್ಯಾಕ್‌ಬುಕ್ ಏರ್ ಇಲ್ಲಿ ₹99,900ಕ್ಕೆ ಬಂತು. 2024ರ ಕೊನೆಯಲ್ಲಿ ಬಂದ ಎಂ4 ಮ್ಯಾಕ್ ಮಿನಿಯ ಬೆಲೆ ಆಗ ₹59,900. ಮನೆಯಲ್ಲಿ ಮಾನಿಟರ್, ಕೀಬೋರ್ಡ್, ಮೌಸ್ ಆಗಲೇ ಇದ್ದರೆ ಮಿನಿ ಒಳ್ಳೆಯ ಬೆಲೆಯ ಯಂತ್ರ ಅನ್ನುವುದು ನನ್ನ ಅಭಿಪ್ರಾಯ. ಯುಪಿಎಸ್ ಖರ್ಚು ಮಾತ್ರ ಸೇರಿಸಿಕೊಳ್ಳಿ. ಮ್ಯಾಕ್‌ಗೆ ಏಳೆಂಟು ವರ್ಷ ಅಪ್‌ಡೇಟ್ ಬರುವುದು ವಾಡಿಕೆ. ಹಳೆಯದಾದ ಮೇಲೂ ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ. ₹45,000ದ ಲ್ಯಾಪ್‌ಟಾಪ್ ನಾಲ್ಕು ವರ್ಷಕ್ಕೊಮ್ಮೆ ಬದಲಿಸುವವರಿಗೆ ಕೊನೆಯ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಉಳಿಯದೇ ಹೋಗಬಹುದು.

ಇನ್ನೊಂದು ಕಡೆಯೂ ಇದೆ. ರ್‍ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಹಾಗಾಗಿ ಹಳೆಯ 8 ಜಿಬಿಯದು ಅಗ್ಗಕ್ಕೆ ಸಿಕ್ಕರೂ ಈಗ ಕೊಳ್ಳಬೇಡಿ, 16 ಇರಲಿ. ಪರದೆ ಒಡೆದರೆ, ನೀರು ಬಿದ್ದರೆ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತದೆ. ದೊಡ್ಡ ಊರುಗಳಿಂದಾಚೆ ಅಧಿಕೃತ ಸರ್ವೀಸ್ ಹುಡುಕುವುದು ಕಷ್ಟ. ಟ್ಯಾಲಿ ನೇರವಾಗಿ ಓಡದು. ಮ್ಯಾಕ್ ತಗೊಂಡು ಅದರಲ್ಲೇ ವಿಂಡೋಸ್ ಹಾಕಿಕೊಳ್ಳೋಣ ಎಂಬ ಯೋಚನೆ ಹಳೆಯ ಇಂಟೆಲ್ ಮ್ಯಾಕ್ ಕಾಲದ್ದು. ಆಗ ನೇರವಾಗಿ ವಿಂಡೋಸ್ ಹಾಕಲು ಇದ್ದ ಬೂಟ್‌ಕ್ಯಾಂಪ್ ಈಗಿನ ಚಿಪ್‌ನಲ್ಲಿ ಇಲ್ಲ. ಪ್ಯಾರಲಲ್ಸ್ ಥರದ ಸಾಫ್ಟ್‌ವೇರ್ ಹಾಕಿಕೊಂಡು ಅದರೊಳಗೆ ಎಆರ್‌ಎಂ ಎಂಬ ಬಗೆಯ ಚಿಪ್‌ಗೆಂದು ಮಾಡಿದ ವಿಂಡೋಸ್ ಓಡಿಸಬೇಕು. ಟೋಕನ್, ಬೆರಳಚ್ಚಿನ ಯಂತ್ರ ಅದರಲ್ಲಿ ಹಿಡಿಯುತ್ತವೆ ಅಂತ ನಂಬಿ ಕೊಳ್ಳಬೇಡಿ.

ಸೆಕೆಂಡ್‌ಹ್ಯಾಂಡ್ ಇಂಟೆಲ್ ಮ್ಯಾಕ್ ಅಗ್ಗಕ್ಕೆ ಬಂದರೆ ಕೈ ಹಾಕಬೇಡಿ. 2025ರ ಮ್ಯಾಕ್‌ಓಎಸ್ ಟಾಹೋ ಇಂಟೆಲ್ ಯಂತ್ರಗಳಿಗೆ ಕೊನೆಯದು ಅಂತ ಆ್ಯಪಲ್ ಹೇಳಿಬಿಟ್ಟಿದೆ.

ಕ್ರೋಮ್‌ಓಎಸ್ ಫ್ಲೆಕ್ಸ್ ಎಂಬ ನಾಲ್ಕನೆಯದೂ ಇದೆ. ಗೂಗಲ್ ಇದನ್ನು ಉಚಿತವಾಗಿ ಕೊಡುತ್ತದೆ, ಹಳೆಯ ಪಿಸಿಗೆ ಹಾಕಿಕೊಳ್ಳಬಹುದು. ಪಟ್ಟಿಯಲ್ಲಿ ಬ್ರೌಸರ್ ಬಿಟ್ಟು ಏನೂ ಉಳಿಯದವರಿಗೆ ಮಾತ್ರ. ಆಂಡ್ರಾಯ್ಡ್ ಆ್ಯಪ್‌ಗಳು ಇದರಲ್ಲಿ ಬರುವುದಿಲ್ಲ, ಇಂಟರ್ನೆಟ್ ಇಲ್ಲದಿದ್ದರೆ ಮಾಡಲು ಜಾಸ್ತಿ ಏನೂ ಇರುವುದಿಲ್ಲ. ನನಗಂತೂ ಅಷ್ಟಕ್ಕೆ ಮಿಂಟೇ ಮೇಲು.

ಯಾರಿಗೆ ಏನು

ಅಕೌಂಟೆಂಟ್, ತೆರಿಗೆ ಸಲಹೆಗಾರರು, ಸೇವಾ ಕೇಂದ್ರದವರು ವಿಂಡೋಸ್ 11ಕ್ಕೆ ಹೋಗಿ. ಯಂತ್ರ ಹಳೆಯದಾದರೆ ಬದಲಿಸಿ. ಹೊಸದಕ್ಕೆ ದುಡ್ಡು ಸಾಲದಿದ್ದರೆ ಕಂಪನಿಗಳು ಬಳಸಿ ಬಿಟ್ಟ 8ನೇ ತಲೆಮಾರಿನ ಅಥವಾ ಹೊಸ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. ಬಿಲ್ಲು, ವಾರಂಟಿ ಇಲ್ಲದೆ ತರಬೇಡಿ. ಮೂಲ ವಿಂಡೋಸ್ ಲೈಸೆನ್ಸ್ ಇದೆಯಾ ಅಂತ ಅಲ್ಲೇ ಆನ್ ಮಾಡಿಸಿ ನೋಡಿ.

ಡಿಟಿಪಿಯವರದ್ದು ಎರಡು ಹಂತದ ಪ್ರಶ್ನೆ. ಹಳೆಯ ಪೇಜ್‌ಮೇಕರ್ ಫೈಲುಗಳಿಗಾಗಿ ಒಂದು ವಿಂಡೋಸ್ ಯಂತ್ರವನ್ನು ಇಂಟರ್ನೆಟ್ ಕೊಡದೆ ಹಾಗೇ ಇಟ್ಟುಕೊಳ್ಳಿ. ಹೊಸ ಕೆಲಸವನ್ನು ಯೂನಿಕೋಡ್ ತಿಳಿಯುವ ಇನ್‌ಡಿಸೈನ್‌ನಲ್ಲಿ ಶುರು ಮಾಡಿ. ಅದು ವಿಂಡೋಸ್, ಮ್ಯಾಕ್ ಎರಡರಲ್ಲೂ ಇದೆ. ಚಂದಾ ಭಾರ ಅನಿಸುವವರು ಉಚಿತವಾದ ಸ್ಕ್ರೈಬಸ್ ನೋಡಬಹುದು, ಅದು ಲಿನಕ್ಸ್‌ನಲ್ಲೂ ಓಡುತ್ತದೆ. ಒಂದು ಪುಸ್ತಕದ ಕೆಲಸ ಒಪ್ಪಿಕೊಳ್ಳುವ ಮೊದಲು ಹತ್ತು ಪುಟ ಮಾಡಿ, ಒತ್ತಕ್ಷರ ಸರಿ ಕೂರುತ್ತವಾ ಅಂತ ಪ್ರಿಂಟ್ ತೆಗೆದು ಪರೀಕ್ಷಿಸಿ.

ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಮೆಕ್ಯಾನಿಕಲ್, ಸಿವಿಲ್‌ನವರು ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳಿ. ಯಂತ್ರಭಾಗ ವಿನ್ಯಾಸ ಮಾಡುವ ಸಾಲಿಡ್‌ವರ್ಕ್ಸ್ ಮತ್ತೊಂದು ಕಡೆ ಓಡುವುದಿಲ್ಲ. ಕಂಪ್ಯೂಟರ್ ಸೈನ್ಸ್‌ನವರು ಅದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆ ಉಬುಂಟು ಹಾಕಿಕೊಂಡರೆ ಕಲಿಕೆ ಜಾಸ್ತಿ ಆಗುತ್ತದೆ. ದುಡ್ಡು ಬಹಳ ಬಿಗಿ ಇದ್ದರೆ ವಿಂಡೋಸ್ ಇಲ್ಲದೆ ಡಾಸ್ ಹಾಕಿ ಮಾರುವ ಲ್ಯಾಪ್‌ಟಾಪ್ ತಗೊಂಡು ಉಬುಂಟು ಹಾಕಿ. ಲೈಸೆನ್ಸಿನ ದುಡ್ಡು ರ್‍ಯಾಮ್‌ಗೆ ಹೋಗಲಿ.

ಬರೆಯುವವರು, ಅನುವಾದಕರು, ಮೇಷ್ಟ್ರುಗಳು ಯಾವುದನ್ನೂ ಆರಿಸಬಹುದು. ನಿಮ್ಮ ಇಷ್ಟಕ್ಕೆ ಜಾಗ ಇರುವುದು ಇಲ್ಲೇ. ಕಗಪದಲ್ಲಿ ಬರೆಯುವವರಿಗೆ ನನ್ನ ಮತ ಮಿಂಟ್‌ಗೆ. ತೆರೆದ ಕೂಡಲೇ ಬರೆಯಲು ಕೂರಬಹುದು, ಜಾಹೀರಾತು ಇಲ್ಲ, ಯಾವ ಖಾತೆಯನ್ನೂ ಕೇಳುವುದಿಲ್ಲ. ಕೈಯಲ್ಲಿ ದುಡ್ಡಿದೆ, ಪ್ರಯಾಣ ಜಾಸ್ತಿ ಅನ್ನುವವರು ಮ್ಯಾಕ್‌ಬುಕ್ ಏರ್ ತಗೊಳ್ಳಿ, ಪಶ್ಚಾತ್ತಾಪ ಪಡುವುದಿಲ್ಲ.

ಏನೇ ಆರಿಸಿದರೂ, ಯಂತ್ರದಲ್ಲಿ ಇನ್ನೂ ಹಳೆಯ ಹಾರ್ಡ್‌ಡಿಸ್ಕ್ ತಿರುಗುತ್ತಿದ್ದರೆ ಮೊದಲು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ. ಓಎಸ್ ಬದಲಿಸಿದ್ದಕ್ಕಿಂತ ದೊಡ್ಡ ಬದಲಾವಣೆ ಅದರಿಂದಲೇ ಕಾಣುತ್ತದೆ. ಎಷ್ಟೋ ಜನ ವಿಂಡೋಸ್ ಮೇಲೆ ಹೊರಿಸುವ ನಿಧಾನದ ಆರೋಪ ಅಸಲಿಗೆ ಆ ಡಿಸ್ಕಿನದ್ದು.

ಎರಡೂ ಬೇಕು ಅನ್ನುವವರಿಗೆ ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುವ ದಾರಿ ಇದೆ. ಜಿಎಸ್‌ಟಿ ಕಟ್ಟುವ ದಿನ ವಿಂಡೋಸ್, ಉಳಿದ ದಿನ ಮಿಂಟ್. ಹೀಗೆ ಮಾಡುವ ಮೊದಲು ಎರಡು ಕೆಲಸ ಮರೆಯಬೇಡಿ. ಎಲ್ಲ ಫೈಲುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಪಕ್ಕಕ್ಕಿಡಿ. ಮತ್ತೊಂದು, ಹೊಸ ವಿಂಡೋಸ್ 11 ಯಂತ್ರಗಳಲ್ಲಿ ನೀವು ಕೇಳದೆಯೇ ಡಿಸ್ಕ್ ಎನ್‌ಕ್ರಿಪ್ಟ್ (ಕೀ ಇಲ್ಲದೆ ಓದಲಾಗದ ಹಾಗೆ ಬೀಗ) ಆಗಿರಬಹುದು. ಬಯಾಸ್‌ನಲ್ಲಿ ಏನಾದರೂ ಬದಲಿಸಿದ ಕೂಡಲೇ ಅದು ಬಿಟ್‌ಲಾಕರ್ ಎಂಬ ಆ ಬೀಗದ 48 ಅಂಕಿಯ ಕೀ ಕೇಳಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಫೋನ್‌ನಲ್ಲಿ ಖಾತೆ ತೆರೆದು, ಕೀಯನ್ನು ಕಾಗದದ ಮೇಲೆ ಬರೆದುಕೊಂಡು, ಇನ್ನೊಮ್ಮೆ ಅಂಕಿ ತಾಳೆ ನೋಡಿ, ಆಮೇಲೆ ಪೆನ್‌ಡ್ರೈವ್ ಚುಚ್ಚಿ.